ಯಾದಗಿರಿಯ ಹಳೆಯ ಫುಟ್‌ಬಾಲ್ ಕ್ಲಬ್ ಶುರುವಾದ ವರ್ಷ ಪತ್ತೆಮಾಡುವುದು ಹೇಗೆ?

ನೋಂದಣಿ ಪತ್ರದ ವರ್ಷವನ್ನೇ ಸ್ಥಾಪನೆಯ ವರ್ಷ ಎಂದು ಬರೆಯಬೇಡಿ. ಎಷ್ಟೋ ತಂಡಗಳು ವರ್ಷಗಟ್ಟಲೆ ಆಡಿ, ಆಮೇಲೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಹೆಸರು ಹಚ್ಚಿಸಿದಂಥವು. ಯಾದಗಿರಿ 2009ರ ಕೊನೆಯವರೆಗೆ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಹಳೆಯ ಕಡತಕ್ಕೆ ಕಲಬುರಗಿಯ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲೂ ಕೇಳಿ. ವರ್ಷವರ್ಷ ಸಲ್ಲಿಸಿದ ಪದಾಧಿಕಾರಿಗಳ ಪಟ್ಟಿ ಸಿಕ್ಕರೆ ಅರ್ಧ ಇತಿಹಾಸ ಸಿಕ್ಕಂತೆ.

ನಿಜಾಮರ ಕಾಲದ ಕಾಗದವಾದರೆ ಉರ್ದು ಓದಬಲ್ಲ ಹಿರಿಯರು ಬೇಕೇಬೇಕು. ತಾರೀಖು ಬಹುಪಾಲು ಫಸಲಿಯಲ್ಲಿ, ಅಂದರೆ ಕಂದಾಯ ಲೆಕ್ಕದ ವರ್ಷದಲ್ಲಿ, ಇರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಆರಂಭ: ಅಕ್ಟೋಬರ್–ಡಿಸೆಂಬರ್ ಆದರೆ 590, ಜನವರಿ ನಂತರವಾದರೆ 591 ಕೂಡಿಸಿ, ಇಸವಿ ಸಿಗುತ್ತದೆ. 1350 ಫಸಲಿ ಎಂದರೆ 1940–41. ಇದನ್ನೇ ಹಿಜರಿ ಎಂದು ಓದಿದರೆ ಲೆಕ್ಕ ಸುಮಾರು ಒಂಬತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ರೋಲಿಂಗ್ ಶೀಲ್ಡ್ (ಪ್ರತಿ ಸಲ ಗೆದ್ದವರ ಕೈಗೆ ಹೋಗುವ ಫಲಕ) ಇದ್ದರೆ ಮೊದಲು ಅದನ್ನು ನೋಡಿ. ನಡುವಿನ ದೊಡ್ಡ ವರ್ಷ ಪಂದ್ಯಾವಳಿಯದ್ದು. ಗೆದ್ದವರ ಹೆಸರು, ವರ್ಷ ಇರುವುದು ಸುತ್ತಲಿನ ಸಣ್ಣ ತಗಡುಗಳಲ್ಲಿ. ಹುಳಿ ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ. ಒಣ ಬಟ್ಟೆಯಿಂದ ಒರೆಸಿ, ಓರೆಯಾಗಿ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ. ಮಾಸಿದ ಅಕ್ಷರವೂ ಎದ್ದು ಕಾಣುತ್ತದೆ.