ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಇದೊಂದು ಇದ್ದಿದ್ದರೆ…

ಉಬುಂಟು, ಫೆಡೋರಾ ಎಂಬ ಲಿನಕ್ಸ್ ವಿತರಣೆಗಳನ್ನೂ, ಪರದೆ ಮತ್ತು ಮೆನುಗಳನ್ನು ಒದಗಿಸುವ ಗ್ನೋಮ್, ಕೆಡಿಇ ಎಂಬ ಡೆಸ್ಕ್‌ಟಾಪ್‌ಗಳನ್ನೂ ಬಳಸುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಈ ಸೌಲಭ್ಯ ಲಿನಕ್ಸ್‌ನಲ್ಲಿ ಯಾಕಿಲ್ಲ?’ ಎಂದೇ ಕೇಳುತ್ತವೆ. ಹಲವು ಸೌಲಭ್ಯಗಳು ಈಗಾಗಲೇ ಇವೆ, ಆದರೆ ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ. ಕೆಲವನ್ನು ಬೇಕೆಂದೇ ಮುಚ್ಚಿದ್ದಾರೆ, ಅದಕ್ಕೆ ಕಾರಣವೂ ಇದೆ. ಮೆನು ಹೆಸರುಗಳು ಇಂಗ್ಲಿಷ್ ಪರದೆಯಲ್ಲಿ ಹೇಗೆ ಕಾಣುತ್ತವೆಯೋ ಹಾಗೆಯೇ ಇಲ್ಲಿವೆ.

ಪ್ರಶ್ನೆ: ನುಡಿ ಕೀಲಿಮಣೆಯಲ್ಲೇ ಕೈ ಕುದುರಿದೆ. ಉಬುಂಟುವಿನಲ್ಲಿ ‘ಕನ್ನಡ (ಕಗಪ, ಫೊನೆಟಿಕ್)’ ಆಯ್ದುಕೊಂಡೆ. ವ್ಯಂಜನಗಳು ಸರಿಯಾಗಿ ಬರುತ್ತವೆ, ಆದರೆ ‘ಕಿ’ ಬೇಕಾದಲ್ಲಿ ‘ಕಇ’ ಮೂಡುತ್ತದೆ. ನುಡಿಯಂತೆಯೇ ಕೆಲಸ ಮಾಡುವ ಕೀಲಿಮಣೆ ಲಿನಕ್ಸ್‌ಗೆ ಬೇಕು. (ಶಿಕ್ಷಕಿ, ಶಿರಸಿ)

ಉತ್ತರ: ಅಂಥ ಕೀಲಿಮಣೆ ಲಿನಕ್ಸ್‌ನಲ್ಲಿ ಎಷ್ಟೋ ವರ್ಷಗಳಿಂದ ಇದೆ. ನೀವು ಆಯ್ದುಕೊಂಡಿರುವುದು ಹೆಚ್ಚುಕಡಿಮೆ ಅದೇ ಹೆಸರಿನ ಬೇರೊಂದನ್ನು.

ಕನ್ನಡ ಟೈಪಿಂಗ್ ಲಿನಕ್ಸ್‌ನಲ್ಲಿ ಎರಡು ಬೇರೆ ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಎಕ್ಸ್‌ಕೆಬಿ ಎಂಬ ಕೀಲಿ ನಕ್ಷೆ. ಇದು ಒಂದು ಕೀಲಿಗೆ ಒಂದು ಅಕ್ಷರವನ್ನು ಕೊಟ್ಟು ಸುಮ್ಮನಾಗುತ್ತದೆ. ಹಿಂದೆ ಬಂದದ್ದು ವ್ಯಂಜನವೋ ಸ್ವರವೋ ಎಂದು ತಿರುಗಿ ನೋಡುವುದಿಲ್ಲ. ಹಾಗಾಗಿ ಇದರ ಕಗಪ ನಕ್ಷೆಯಲ್ಲಿ ‘ಇ’ ಕೀಲಿ ಯಾವಾಗಲೂ ಬಿಡಿ ಸ್ವರವನ್ನೇ ಕೊಡುತ್ತದೆ. ಗುಡಿಸು ಬೇಕಿದ್ದರೆ ಬಲಗಡೆಯ ಆಲ್ಟ್ ಒತ್ತಿ ಹಿಡಿಯಬೇಕು. ನುಡಿ ಕೈಗೆ ಇದು ಹಿಂಸೆ. ಎರಡನೆಯದು ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆ. ಇದರ ಎಂ17ಎನ್ ಭಾಗದಲ್ಲಿರುವ ‘ಕೆಜಿಪಿ’ ವಿನ್ಯಾಸ ಹಿಂದಿನ ಅಕ್ಷರವನ್ನು ನೋಡಿ ಸ್ವರವೋ ಸ್ವರಚಿಹ್ನೆಯೋ ಎಂದು ತಾನೇ ತೀರ್ಮಾನಿಸುತ್ತದೆ. ಕರ್ನಾಟಕ ಗಣಕ ಪರಿಷತ್ತಿನ ವಿನ್ಯಾಸವೇ ಇದು. ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಸಾಲಾಗಿ ಒತ್ತಿದರೆ ‘ಕನ್ನಡ’ ಮೂಡುತ್ತದೆ.

ಪ್ಯಾಕೇಜ್ ಮ್ಯಾನೇಜರಿನಲ್ಲಿ ‘ಐಬಸ್-ಎಂ17ಎನ್’ ಹುಡುಕಿ ಸ್ಥಾಪಿಸಿ. ಆಮೇಲೆ ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಈ ಹೆಜ್ಜೆ ಬಿಟ್ಟವರಿಗೆ ಪಟ್ಟಿಯಲ್ಲಿ ಹೊಸ ವಿನ್ಯಾಸವೇ ಕಾಣುವುದಿಲ್ಲ. ಸೆಟ್ಟಿಂಗ್ಸ್ ತೆರೆದು ಕೀಬೋರ್ಡ್, ಇನ್‌ಪುಟ್ ಸೋರ್ಸಸ್, ಕೂಡಿಸುವ ಚಿಹ್ನೆ ಒತ್ತಿ. ಕನ್ನಡ ಅಲ್ಲಿಲ್ಲದಿದ್ದರೆ ಕೆಳಗಿನ ಮೂರು ಚುಕ್ಕಿ ಒತ್ತಿ ಹುಡುಕಿ, ‘ಕನ್ನಡ (ಕೆಜಿಪಿ (ಎಂ17ಎನ್))’ ಆರಿಸಿ. ಹಳೆಯ ಕಗಪವನ್ನು ಪಟ್ಟಿಯಿಂದ ತೆಗೆದುಬಿಡಿ, ಇಲ್ಲವಾದರೆ ಎರಡರ ನಡುವೆ ಗೊಂದಲ ತಪ್ಪದು. ಭಾಷೆ ಬದಲಿಸಲು ಸೂಪರ್ ಮತ್ತು ಸ್ಪೇಸ್ ಒತ್ತಿ. ಸೂಪರ್ ಅಂದರೆ ವಿಂಡೋಸ್ ಚಿಹ್ನೆಯ ಕೀಲಿ.

ಪಟ್ಟಿಯಲ್ಲಿ ಇಂಗ್ಲಿಷ್ ಮೊದಲಿರಲಿ. ಎಕ್ಸ್‌ಕೆಬಿ ಕನ್ನಡ ನಕ್ಷೆ ಚಾಲೂ ಇದ್ದಾಗ ಪರದೆಗೆ ಬೀಗ ಬಿದ್ದರೆ ಪಾಸ್‌ವರ್ಡ್ ಕೂಡ ಕನ್ನಡ ಅಕ್ಷರಗಳಲ್ಲೇ ಹೋಗುತ್ತದೆ. ಕಾಣುವುದು ಚುಕ್ಕಿಗಳು ಮಾತ್ರ, ಆದ್ದರಿಂದ ‘ಪಾಸ್‌ವರ್ಡ್ ತಪ್ಪು’ ಎಂದು ಬಂದಾಗ ಕಾರಣ ಹೊಳೆಯುವುದಿಲ್ಲ.

ಕೆಡಿಇ ಪ್ಲಾಸ್ಮಾ ಬಳಸುವವರು ಐಬಸ್ ಬದಲು ‘ಎಫ್‌ಸಿಐಟಿಎಕ್ಸ್5’ ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಹಾಕಿಕೊಳ್ಳುವುದು ಉತ್ತಮ. ವೇಲ್ಯಾಂಡ್ (ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ) ಸೆಷನ್ನಿನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗಕ್ಕೆ ಹೋಗಿ ‘ವರ್ಚುವಲ್ ಕೀಬೋರ್ಡ್’ ಪುಟದಲ್ಲಿ ಅದನ್ನು ಆರಿಸಲೇಬೇಕು. ಹೆಸರು ನೋಡಿ ‘ಇದು ಟಚ್ ಸ್ಕ್ರೀನಿಗೆ’ ಎಂದುಕೊಂಡು ಬಹಳ ಮಂದಿ ಈ ಪುಟವನ್ನು ದಾಟಿ ಹೋಗುತ್ತಾರೆ. ಟೆಕ್ಸ್ಟ್ ಎಡಿಟರಿನಲ್ಲಿ ಕನ್ನಡ ಬಂದು ಬ್ರೌಸರಿನಲ್ಲಿ ಮಾತ್ರ ಬಾರದಿದ್ದರೆ ತಪ್ಪು ನಿಮ್ಮ ಸೆಟ್ಟಿಂಗಿನದಲ್ಲ. ಕ್ರೋಮಿಯಂ ಆಧರಿಸಿದ ತಂತ್ರಾಂಶಗಳ ಹಳೆಯ ಆವೃತ್ತಿಗಳು ವೇಲ್ಯಾಂಡ್‌ನಲ್ಲಿ ಇನ್‌ಪುಟ್ ವ್ಯವಸ್ಥೆಯೊಡನೆ ಮಾತನಾಡುವುದಿಲ್ಲ. ಅವನ್ನು ಅಪ್‌ಡೇಟ್ ಮಾಡಿ ನೋಡಿ.

ಪ್ರಶ್ನೆ: ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು ‘ವಿ’ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಪಟ್ಟಿಯಾಗಿ ಬರುತ್ತಿತ್ತು. ಗ್ನೋಮ್‌ನಲ್ಲಿ ಯಾಕಿಲ್ಲ? (ಡಿಟಿಪಿ ಕೆಲಸಗಾರ, ಗದಗ)

ಉತ್ತರ: ಕೆಡಿಇಯಲ್ಲಿ ಇದು ಮೊದಲಿನಿಂದಲೂ ಇದೆ, ಅದೇ ಎರಡು ಕೀಲಿಗಳಿಗೇ ತೆರೆದುಕೊಳ್ಳುತ್ತದೆ. ಗ್ನೋಮ್‌ನಲ್ಲಿ ಎಕ್ಸ್‌ಟೆನ್ಶನ್, ಅಂದರೆ ಡೆಸ್ಕ್‌ಟಾಪಿಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ, ಬೇಕು. ಫ್ಲಾಟ್‌ಹಬ್ ಎಂಬ ತಂತ್ರಾಂಶ ಮಳಿಗೆಯಿಂದ ‘ಎಕ್ಸ್‌ಟೆನ್ಶನ್ ಮ್ಯಾನೇಜರ್’ ಹಾಕಿಕೊಂಡು ಅದರಲ್ಲಿ ‘ಕ್ಲಿಪ್‌ಬೋರ್ಡ್ ಇಂಡಿಕೇಟರ್’ ಹುಡುಕಿ ಸ್ಥಾಪಿಸಿ.

ಸೂಪರ್ ಮತ್ತು ‘ವಿ’ ಕೀಲಿಗಳನ್ನೇ ಅದಕ್ಕೆ ಕೊಡಲು ಹೋದರೆ ಕೆಲಸ ಮಾಡದು. ಗ್ನೋಮ್ ಆ ಜೋಡಿಯನ್ನು ನೋಟಿಫಿಕೇಶನ್ ಪಟ್ಟಿಗೆ ಮೀಸಲಿಟ್ಟಿದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಶಾರ್ಟ್‌ಕಟ್‌ಗಳಲ್ಲಿ ‘ಸಿಸ್ಟಂ’ ಗುಂಪಿನ ‘ಶೋ ದ ನೋಟಿಫಿಕೇಶನ್ ಲಿಸ್ಟ್’ ಎಂಬುದಕ್ಕೆ ಬೇರೆ ಕೀಲಿ ಕೊಟ್ಟು, ಆಮೇಲೆ ಎಕ್ಸ್‌ಟೆನ್ಶನ್ನಿನ ಪ್ರಿಫರೆನ್ಸಸ್‌ನಲ್ಲಿ ಸೂಪರ್ ಮತ್ತು ‘ವಿ’ ಜೋಡಿಯನ್ನು ನಮೂದಿಸಿ.

ಬೇರೆ ಯಾವುದೋ ಕ್ಲಿಪ್‌ಬೋರ್ಡ್ ತಂತ್ರಾಂಶ ಹಾಕಿದರೆ ಗ್ನೋಮ್ ವೇಲ್ಯಾಂಡ್‌ನಲ್ಲಿ ಅದು ಅರ್ಧ ಮಾತ್ರ ಹಿಡಿಯುವುದುಂಟು. ವೇಲ್ಯಾಂಡ್‌ನಲ್ಲಿ ಎದುರಿಗೆ ತೆರೆದಿರುವ ವಿಂಡೋಗೆ ಮಾತ್ರ ಕ್ಲಿಪ್‌ಬೋರ್ಡ್ ಓದಲು ಅನುಮತಿ ಸಿಗುತ್ತದೆ, ಹಿಂದೆ ಅಡಗಿ ಕುಳಿತ ತಂತ್ರಾಂಶಕ್ಕೆ ಇಲ್ಲ. ಇದು ಸರಿಯಾದ ತೀರ್ಮಾನ ಎಂದೇ ನಮ್ಮ ಅಭಿಪ್ರಾಯ, ಏಕೆಂದರೆ ನೀವು ಕಾಪಿ ಮಾಡುವುದರಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಕೂಡ ಇರುತ್ತದೆ. ಎಕ್ಸ್‌ಟೆನ್ಶನ್ ಡೆಸ್ಕ್‌ಟಾಪಿನದೇ ಭಾಗವಾಗಿ ಓಡುವುದರಿಂದ ಈ ತಡೆ ಅದಕ್ಕಿಲ್ಲ. ಹಾಗಾಗಿ ಪಾಸ್‌ವರ್ಡ್ ಕಾಪಿ ಮಾಡುವ ಮೊದಲು ಅದರ ಪ್ರೈವೇಟ್ ಮೋಡ್ ಹಾಕಿಕೊಳ್ಳಿ. ಕೆಡಿಇಯ ಕ್ಲಿಪ್‌ಬೋರ್ಡ್ ತಂತ್ರಾಂಶ ಕ್ಲಿಪ್ಪರ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಕೀಪಾಸ್‌ಎಕ್ಸ್‌ಸಿಯಂಥ ಪಾಸ್‌ವರ್ಡ್ ಮ್ಯಾನೇಜರ್ ‘ಇದು ಗುಟ್ಟು’ ಎಂದು ಗುರುತು ಹಾಕಿ ಕೊಟ್ಟದ್ದನ್ನು ಅದು ಪಟ್ಟಿಗೆ ಸೇರಿಸುವುದಿಲ್ಲ.

ಗ್ನೋಮ್‌ನ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬರುತ್ತದೆ. ಪ್ರತಿ ಸಲವೂ ಕೆಲವು ಎಕ್ಸ್‌ಟೆನ್ಶನ್‌ಗಳು ನಿಂತುಹೋಗುತ್ತವೆ. ಆವೃತ್ತಿ ಏರಿಸುವ ಮೊದಲು ಎಕ್ಸ್‌ಟೆನ್ಶನ್ ಮ್ಯಾನೇಜರಿನ ಮೆನುವಿನಲ್ಲಿರುವ ‘ಅಪ್‌ಗ್ರೇಡ್ ಅಸಿಸ್ಟೆಂಟ್’ ತೆರೆದು, ನಿಮ್ಮದು ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಕರೆಂಟ್ ಹೋಗುವುದು ದಿನನಿತ್ಯದ ಮಾತು. ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ತಾನೇ ಹೈಬರ್ನೇಟ್ ಆಗಿ, ತೆರೆದಿದ್ದ ಕೆಲಸ ಹಾಗೇ ಉಳಿಯಬೇಕು. ಉಬುಂಟು ಮೆನುವಿನಲ್ಲಿ ಹೈಬರ್ನೇಟ್ ಆಯ್ಕೆಯೇ ಇಲ್ಲವಲ್ಲ? (ಲೆಕ್ಕಪತ್ರ ಕಚೇರಿ ನಡೆಸುವವರು, ಚಿಂತಾಮಣಿ)

ಉತ್ತರ: ಉಬುಂಟು 12.04ರಿಂದಲೇ ಅದನ್ನು ಮರೆಮಾಡಲಾಗಿದೆ. ಕೆಲವು ಯಂತ್ರಗಳಲ್ಲಿ ಹೈಬರ್ನೇಟ್ ಆದದ್ದು ಮತ್ತೆ ಏಳುವುದಿಲ್ಲ, ತೆರೆದಿದ್ದ ಕೆಲಸ ಹೋಗುತ್ತದೆ ಎಂಬ ಭಯವೇ ಕಾರಣ. ನಿಮ್ಮ ಯಂತ್ರ ಏಳುತ್ತದೆಯೇ ಎಂದು ಪರೀಕ್ಷಿಸಿಯೇ ನಂಬಬೇಕು.

ಹೈಬರ್ನೇಟ್ ಅಂದರೆ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಬರೆದು ಯಂತ್ರ ಆರಿಸುವುದು. ಹಾಗಾಗಿ ಮೊದಲು ನೋಡಬೇಕಾದ್ದು ಸ್ವಾಪ್. ರ‍್ಯಾಮ್‌ನಷ್ಟಾದರೂ ಇರಲಿ, ಎಂದಿನ ಬಳಕೆಗೆ ಇನ್ನೊಂದೆರಡು ಜಿಬಿ ಹೆಚ್ಚಿಗೆ ಸೇರಿಸಿ. 8 ಜಿಬಿ ರ‍್ಯಾಮ್ ಇದ್ದರೆ 10 ಜಿಬಿ ಸಾಕು. ಸ್ವಾಪ್ ಫೈಲ್‌ಗಿಂತ ಬೇರೆ ವಿಭಾಗ ಮಾಡುವುದು ಸುಲಭ. ಫೈಲ್ ಆದರೆ ಅದು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಎಂಬ ಸಂಖ್ಯೆಯನ್ನೂ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳಬೇಕಾಗುತ್ತದೆ, ಫೈಲನ್ನು ಮತ್ತೆ ಮಾಡಿದರೆ ಆ ಸಂಖ್ಯೆ ಬದಲಾಗುತ್ತದೆ. ಬ್ಯಾಕಪ್ ತೆಗೆದುಕೊಂಡು, ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಸ್ಕ್ ವಿಭಾಗಿಸುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ‘ಲಿನಕ್ಸ್-ಸ್ವಾಪ್’ ಮಾದರಿಯ ವಿಭಾಗ ಮಾಡಿ. ಅದರ ಯುಯುಐಡಿಯನ್ನು (ವಿಭಾಗದ ಗುರುತಿನ ಸಂಖ್ಯೆ) ವಿಭಾಗಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲೂ, ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ನ ಕರ್ನಲ್ ಸಾಲಿನಲ್ಲಿ ‘ರೆಸ್ಯೂಮ್’ ಎಂಬುದರ ಮುಂದೆಯೂ ಬರೆಯಿರಿ. ಬಳಿಕ ಗ್ರಬ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ತೆರೆಯುವ ಕಡತಗಳ ಕಟ್ಟು) ಎರಡನ್ನೂ ಅಪ್‌ಡೇಟ್ ಮಾಡಬೇಕು. ಎರಡನೆಯದನ್ನು ಮರೆತರೆ ಯಂತ್ರ ಆರುವುದೇನೋ ಸರಿಯಾಗಿಯೇ, ಆದರೆ ಎದ್ದಾಗ ಹೊಸದಾಗಿ ಶುರುವಾಗುತ್ತದೆ.

ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ರಕ್ಷಣೆ) ಚಾಲೂ ಇದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ಆಗ ಕರ್ನಲ್ ಲಾಕ್‌ಡೌನ್ ಸ್ಥಿತಿಯಲ್ಲಿರುತ್ತದೆ, ಹೈಬರ್ನೇಟ್ ಮಾಡಲು ಬಿಡುವುದಿಲ್ಲ. ಡಿಸ್ಕಿಗೆ ಬರೆದ ಚಿತ್ರಣವನ್ನು ಯಾರಾದರೂ ತಿದ್ದಿಟ್ಟರೆ ಅದೇ ಕರ್ನಲ್ ಒಳಗೆ ಬರುತ್ತದೆ ಎಂಬುದು ಅದರ ಆತಂಕ. ನಿಮಗೆ ಯಾವುದು ಮುಖ್ಯ ಎಂದು ನೀವೇ ತೀರ್ಮಾನಿಸಬೇಕು. ಫೆಡೋರಾ ಬಳಸುವವರಿಗೆ ಇನ್ನೊಂದು ಮಾತು: 33ನೇ ಆವೃತ್ತಿಯಿಂದ ಅಲ್ಲಿ ಸ್ವಾಪ್ ಇರುವುದು ಝಡ್‌ರ‍್ಯಾಮ್‌ನಲ್ಲಿ, ಅಂದರೆ ರ‍್ಯಾಮ್ ಒಳಗೇ. ಕರೆಂಟ್ ಹೋದರೆ ಅದೂ ಹೋಯಿತು. ಡಿಸ್ಕಿನಲ್ಲಿ ಬೇರೆ ಸ್ವಾಪ್ ಮಾಡಲೇಬೇಕು.

ಪರೀಕ್ಷೆಗೆ ಎಲ್ಲ ಕೆಲಸ ಉಳಿಸಿ, ಒಂದು ಖಾಲಿ ಕಡತ ತೆರೆದಿಟ್ಟು, ಟರ್ಮಿನಲ್ಲಿನಲ್ಲಿ ಸಿಸ್ಟಂಸಿಟಿಎಲ್‌ಗೆ ಹೈಬರ್ನೇಟ್ ಆದೇಶ ಕೊಡಿ. ನಾಲ್ಕೈದು ಸಲ ಸರಿಯಾಗಿ ಎದ್ದರೆ ಮಾತ್ರ ಯುಪಿಎಸ್ ಕಡೆ ತಿರುಗಿ.

ಯುಪಿಎಸ್‌ನ ಹಿಂಬದಿ ನೋಡಿ. ಯುಎಸ್‌ಬಿ ಪೋರ್ಟ್ ಇದ್ದು, ಕೇಬಲ್ ಹಾಕಿದಾಗ ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಅದರ ಬ್ಯಾಟರಿ ಶೇಕಡಾವಾರು ಕಂಡರೆ ಮುಂದಿನದು ಸಲೀಸು. ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಮನೆಯ ಇನ್ವರ್ಟರ್ ಅಂತೂ ಕಂಪ್ಯೂಟರಿಗೆ ಏನನ್ನೂ ತಿಳಿಸುವುದಿಲ್ಲ. ಅಂಥಲ್ಲಿ ಯಾವ ಸೆಟ್ಟಿಂಗೂ ನೆರವಾಗದು, ಯುಪಿಎಸ್ಸನ್ನೇ ಬದಲಿಸಬೇಕು.

ಈಟಿಸಿ ಫೋಲ್ಡರಿನ ಯುಪವರ್ (ಬ್ಯಾಟರಿಯ ಮೇಲೆ ಕಣ್ಣಿಡುವ ಸೇವೆ) ಕಾನ್ಫಿಗರೇಶನ್ ಕಡತದಲ್ಲಿ ಮೂರು ಶೇಕಡಾ ಮಿತಿಗಳಿವೆ: ಲೋ, ಕ್ರಿಟಿಕಲ್, ಆ್ಯಕ್ಷನ್. ಕೊನೆಯದು ಸಾಮಾನ್ಯವಾಗಿ 2ರಲ್ಲಿರುತ್ತದೆ. ಲ್ಯಾಪ್‌ಟಾಪಿಗೆ ಅದು ಹೇಗೋ ನಡೆದೀತು, ಹಳೆಯ ಯುಪಿಎಸ್ ಬ್ಯಾಟರಿ ಮಾತ್ರ ಶೇ 2 ತಲುಪುವ ಮೊದಲೇ ಕೈಕೊಡುತ್ತದೆ. 50, 40, 30 ಎಂದು ಬರೆಯಿರಿ. ಮೂರೂ ಇಳಿಕೆಯ ಕ್ರಮದಲ್ಲೇ ಇರಬೇಕು. ಆ್ಯಕ್ಷನ್ ಒಂದನ್ನೇ 30ಕ್ಕೆ ಏರಿಸಿ ಉಳಿದೆರಡನ್ನು ಬಿಟ್ಟರೆ ಕ್ರಮ ಕೆಡುತ್ತದೆ, ಆಗ ಯುಪವರ್ ನಿಮ್ಮ ಸಂಖ್ಯೆಗಳನ್ನು ಕೈಬಿಟ್ಟು ಹಳೆಯವನ್ನೇ ಬಳಸುತ್ತದೆ. ‘ಕ್ರಿಟಿಕಲ್ ಪವರ್ ಆ್ಯಕ್ಷನ್’ ಸಾಲಿನಲ್ಲಿ ಹೈಬರ್ನೇಟ್ ಎಂದು ಹಾಕಿ ಯಂತ್ರ ಮರುಚಾಲೂ ಮಾಡಿ.

ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ, ಲಿನಕ್ಸ್ ಹೈಬರ್ನೇಟ್ ಆಗಿರುವಾಗ ವಿಂಡೋಸ್‌ಗೆ ಹೋಗಿ ಎರಡಕ್ಕೂ ಸೇರಿದ ಡ್ರೈವಿನಲ್ಲಿ ಏನನ್ನೂ ಬರೆಯಬೇಡಿ. ಎದ್ದ ಲಿನಕ್ಸ್ ಹಳೆಯ ನೆನಪಿನಲ್ಲೇ ಬರೆಯತೊಡಗುತ್ತದೆ, ಕಡತಗಳು ಕೆಡುತ್ತವೆ.

ಪ್ರಶ್ನೆ: ಪ್ರತಿ ತಂತ್ರಾಂಶದ ವಿಂಡೋ ಹಿಂದೆ ಎಲ್ಲಿತ್ತೋ ಅಲ್ಲೇ ತೆರೆಯಬೇಕು. ವೇಲ್ಯಾಂಡ್‌ಗೆ ಬಂದ ಮೇಲೆ ಎಲ್ಲವೂ ತೋಚಿದಲ್ಲಿ ತೆರೆಯುತ್ತವೆ. (ಬೆಂಗಳೂರು)

ಉತ್ತರ: ವೇಲ್ಯಾಂಡ್‌ನಲ್ಲಿ ತಂತ್ರಾಂಶಕ್ಕೆ ತನ್ನ ವಿಂಡೋ ಪರದೆಯ ಯಾವ ಮೂಲೆಯಲ್ಲಿದೆ ಎಂಬುದೇ ತಿಳಿಯದು. ಜಾಗ ಕೊಡುವುದು ಡೆಸ್ಕ್‌ಟಾಪಿನ ಕೆಲಸ, ಆದ್ದರಿಂದ ಅದಕ್ಕೇ ಹೇಳಬೇಕು. ಕೆಡಿಇಯಲ್ಲಿ ವಿಂಡೋ ತೆರೆದು ಆಲ್ಟ್ ಮತ್ತು ಎಫ್3 ಒತ್ತಿ. ‘ಮೋರ್ ಆ್ಯಕ್ಷನ್ಸ್’ ಒಳಗೆ ‘ಕಾನ್ಫಿಗರ್ ಸ್ಪೆಶಲ್ ವಿಂಡೋ ಸೆಟ್ಟಿಂಗ್ಸ್’ಗೆ ಹೋಗಿ ‘ಪೊಸಿಶನ್’ ಸೇರಿಸಿ ‘ರಿಮೆಂಬರ್’ ಆರಿಸಿ. ಗ್ನೋಮ್‌ನಲ್ಲಿ ಇಷ್ಟು ನಿಖರತೆ ಇಲ್ಲ. ‘ಆಟೊ ಮೂವ್ ವಿಂಡೋಸ್’ ಎಕ್ಸ್‌ಟೆನ್ಶನ್ ತಂತ್ರಾಂಶವನ್ನು ನೀವು ಹೇಳಿದ ವರ್ಕ್‌ಸ್ಪೇಸಿಗೆ ಕಳಿಸುತ್ತದೆ, ಅಷ್ಟೇ.

ಪ್ರಶ್ನೆ: 14 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಕನ್ನಡ ಒತ್ತಕ್ಷರಗಳು ಕಣ್ಣಿಗೆ ಹಿಡಿಯವು. ಸ್ಕೇಲ್ 125 ಮಾಡಿದರೆ ಕೆಲವು ತಂತ್ರಾಂಶಗಳು ಮಂಜಾಗುತ್ತವೆ. (ನಿವೃತ್ತ ಉದ್ಯೋಗಿ, ಮೈಸೂರು)

ಉತ್ತರ: ಮಂಜಾಗುವವು ವೇಲ್ಯಾಂಡ್‌ಗಿಂತ ಹಳೆಯದಾದ ಎಕ್ಸ್11 ವಿಧಾನದಲ್ಲಿ ಓಡುವ ತಂತ್ರಾಂಶಗಳು. ಅವು ಶೇ 100ರ ಅಳತೆಯಲ್ಲಿ ಚಿತ್ರ ಬಿಡಿಸುತ್ತವೆ, ಡೆಸ್ಕ್‌ಟಾಪ್ ಅದನ್ನು ಎಳೆದು ದೊಡ್ಡದು ಮಾಡುತ್ತದೆ. ಯಾವುವು ಎಂದು ತಿಳಿಯಲು ‘ಎಕ್ಸ್-ಐಸ್’ ಎಂಬ ಪುಟ್ಟ ತಂತ್ರಾಂಶ ತೆರೆದಿಡಿ. ಮೌಸನ್ನು ಯಾವ ವಿಂಡೋ ಮೇಲೆ ಆಡಿಸಿದಾಗ ಅದರ ಕಣ್ಣುಗುಡ್ಡೆ ಹೊರಳುತ್ತದೋ ಅದು ಎಕ್ಸ್11.

ಕೆಡಿಇಯಲ್ಲಿ ಡಿಸ್‌ಪ್ಲೇ ಪುಟದ ‘ಲೆಗಸಿ ಅಪ್ಲಿಕೇಶನ್ಸ್ (ಎಕ್ಸ್11)’ ಎಂಬಲ್ಲಿ ‘ಅಪ್ಲೈ ಸ್ಕೇಲಿಂಗ್ ದೆಮ್‌ಸೆಲ್ವ್ಸ್’ ಆರಿಸಿದರೆ ಮಂಜು ಹೋಗುತ್ತದೆ. ಗ್ನೋಮ್‌ನಲ್ಲಿ ನಿಮಗೆ ನಾವು ಸೂಚಿಸುವುದು ಬೇರೆ ದಾರಿ: ಸ್ಕೇಲ್ 100ರಲ್ಲೇ ಇರಲಿ, ಗ್ನೋಮ್ ಟ್ವೀಕ್ಸ್ ಹಾಕಿಕೊಂಡು ಫಾಂಟ್ಸ್ ಪುಟದ ‘ಸ್ಕೇಲಿಂಗ್ ಫ್ಯಾಕ್ಟರ್’ 1.25 ಮಾಡಿ. ಅಕ್ಷರ ಮಾತ್ರ ದೊಡ್ಡದಾಗುತ್ತದೆ, ಎಲ್ಲೆಡೆ ಸ್ಪಷ್ಟವಾಗಿಯೂ ಇರುತ್ತದೆ. ಐಕಾನ್‌ಗಳು ಹಿಂದಿನಷ್ಟೇ ಇರುತ್ತವೆ.

ಪ್ರಶ್ನೆ: ಲಿಬ್ರೆ ಆಫೀಸಿನಲ್ಲಿ ಕನ್ನಡ ಕಾಗುಣಿತ ಪರೀಕ್ಷೆ ಬೇಕು. ತಪ್ಪು ಬರೆದರೂ ಕೆಂಪು ಗೆರೆ ಬರುವುದಿಲ್ಲ. (ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಲಿಬ್ರೆ ಆಫೀಸ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುಂಪಿಗೆ ಸೇರಿಸಿದೆ. ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್, ಜನರಲ್ ಎಂದು ಹೋಗಿ ಆ ಗುಂಪನ್ನು ಚಾಲೂ ಮಾಡಿ ಕನ್ನಡ ಆರಿಸಿ. ಫಾಂಟ್ ಮತ್ತು ಅಳತೆ ಕೂಡ ಈ ಗುಂಪಿಗೆ ಬೇರೆಯೇ. ಪ್ಯಾರಾಗ್ರಾಫ್ ಸ್ಟೈಲಿನಲ್ಲಿ ಮೇಲಿನ ಅಳತೆ ಬದಲಿಸಿದರೂ ಕನ್ನಡ ಅಕ್ಷರ ಅಲುಗದಿರಲು ಇದೇ ಕಾರಣ, ಅದೇ ಪುಟದ ಕಾಂಪ್ಲೆಕ್ಸ್ ಭಾಗದಲ್ಲಿ ಬದಲಿಸಬೇಕು. ಪದಕೋಶ ಬೇರೆಯಾಗಿ ಬೇಕು. ಫೆಡೋರಾದಲ್ಲಿ ‘ಹನ್‌ಸ್ಪೆಲ್-ಕೆಎನ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಲಿಬ್ರೆ ಆಫೀಸ್ ಮುಚ್ಚಿ ತೆರೆದು ಎಫ್7 ಒತ್ತಿ.

ಈಗ ಕೆಂಪು ಗೆರೆ ಅತಿಯಾಗಿ ಬರುತ್ತದೆ, ನಿರೀಕ್ಷಿಸಿಯೇ ಇರಿ. ಪದಕೋಶದಲ್ಲಿ ‘ಮನೆ’ ಇದ್ದರೂ ‘ಮನೆಯಲ್ಲಿದ್ದವರಿಗೂ’ ಎಂಬುದು ಇರುವುದು ಅನುಮಾನ. ಪ್ರತ್ಯಯ, ಸಂಧಿ ಸೇರಿ ಒಂದೊಂದು ಪದಕ್ಕೂ ನೂರಾರು ರೂಪ ಹುಟ್ಟುವ ನಮ್ಮ ಭಾಷೆಗೆ ಪದಪಟ್ಟಿ ಸಾಲದು, ಪದ ಬಿಡಿಸಿ ನೋಡುವ ನಿಯಮಗಳು ಬೇಕು. ಈ ಪ್ರಶ್ನೆಗಳಲ್ಲೆಲ್ಲ ನಿಜವಾದ ಕೊರತೆ ಇದೇ, ಮತ್ತು ಇದನ್ನು ತುಂಬಬೇಕಾದವರು ಕನ್ನಡ ವ್ಯಾಕರಣ ಬಲ್ಲ ಕನ್ನಡಿಗರೇ. ಸದ್ಯಕ್ಕೆ, ಸರಿಯಿದ್ದೂ ಗೆರೆ ಬಿದ್ದ ಪದದ ಮೇಲೆ ಬಲ ಕ್ಲಿಕ್ ಮಾಡಿ ‘ಆ್ಯಡ್ ಟು ಡಿಕ್ಷನರಿ’ ಒತ್ತುತ್ತ ಹೋಗಿ. ಹೀಗೆ ಸೇರಿಸಿದವು ನಿಮ್ಮ ಲಿಬ್ರೆ ಆಫೀಸ್ ಪ್ರೊಫೈಲ್ ಫೋಲ್ಡರಿನ ‘ವರ್ಡ್‌ಬುಕ್’ ಒಳಗೆ ಸಾದಾ ಪಠ್ಯದ ಕಡತವಾಗಿ ಉಳಿಯುತ್ತವೆ. ಯಂತ್ರ ಬದಲಿಸುವಾಗ ಅದನ್ನೂ ನಕಲು ಮಾಡಿಕೊಳ್ಳಿ.