ಮಾವಿನ ಕೊಂಬೆಗೆ ಕಟ್ಟಿ ಅಂಬಾಸಿಡರ್ ಎಂಜಿನ್ ಇಳಿಸಬೋದಾ?

ಪ್ರಶ್ನೆ: ಸಾರ್, ನಮ್ದು ಪಾಂಡವಪುರದ ಹತ್ರ ಹಳ್ಳಿ. ಅಪ್ಪಾಜಿ ಓಡಿಸ್ತಿದ್ದ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್, ಎಂಟು ವರ್ಷದಿಂದ ಕೊಟ್ಟಿಗೆ ಪಕ್ಕ ನಿಂತೈತೆ, ಎಂಜಿನ್ ಜಾಮ್. ಇಳಿಸ್ಕೊಂಡು ಮೈಸೂರಿಗೆ ತನ್ನಿ, ರೆಡಿ ಮಾಡ್ಕೊಡ್ತೀನಿ ಅಂತ ಮೆಕ್ಯಾನಿಕ್ ಅಂದವ್ರೆ. ನಾಲ್ಕು ಜನ ಹುಡುಗ್ರು ಇದೀವಿ, ಮಾವಿನ ಕೊಂಬೆಗೆ ಹಗ್ಗ ಕಟ್ಟಿ ಎತ್ತಬೋದಾ?

ಉತ್ತರ: ಇಳಿಸಬೋದು ಕಣಪ್ಪ, ಆದ್ರೆ ಕೊಂಬೆನೂ ಬೇಡ, ಹಗ್ಗನೂ ಬೇಡ. ಆ 1489 ಸಿಸಿ ಎಂಜಿನ್ನು ಬ್ಲಾಕು, ಹೆಡ್ಡು ಎರಡೂ ಎರಕದ ಕಬ್ಬಿಣ, ಒಂದೂವರೆ ಕ್ವಿಂಟಲ್ ಹತ್ರ ತೂಗುತ್ತೆ. ನಾವೂ ಒಂದ್ಸಲ ಹೀಗೇ ಹಗ್ಗ ಹಾಕಿ ಎತ್ತಿದ್ವಿ, ಬ್ಲಾಕಿನ ಅಂಚಿಗೆ ಉಜ್ಜಿ ಉಜ್ಜಿ ಒಂದೊಂದೇ ಎಳೆ ಬಿಟ್ಕೊತಿದ್ದದ್ದು ಯಾರಿಗೂ ಕಾಣ್ಲಿಲ್ಲ, ಟಕ್ ಅಂತ ಒಂದು ಗೇಣು ಜಾರ್ತು ಅಷ್ಟೆ, ಕೆಳಗೆ ಕೈ ಇಟ್ಟಿದ್ದ ಗೆಳೆಯನ ಎರಡು ಬೆರಳು ಜಜ್ಜೋಯ್ತು. ಇವತ್ತಿಗೂ ಅವನಿಗೆ ಆ ಬೆರಳು ಮಡಿಸೋಕಾಗಲ್ಲ.

ನಿಮ್ಮೂರ ಕಡೆ ಬೋರ್‌ವೆಲ್ ಮೋಟ್ರು ಎತ್ತೋರು ಇರ್ತಾರಲ್ಲ, ಅವ್ರ ಹತ್ರ ಮೂರು ಕಾಲಿನ ಸ್ಟ್ಯಾಂಡು, ಚೈನ್ ಬ್ಲಾಕು (ಚೈನ್ ಎಳೆದು ಭಾರ ಎತ್ತೋ ರಾಟೆ) ಎರಡೂ ಇರುತ್ತೆ, ಒಂದು ದಿನಕ್ಕೆ ಕೇಳಿ ತಗೊಳಿ. ಕಾಲುಗಳು ಗಟ್ಟಿ ನೆಲದ ಮೇಲೇ ಇರ್ಲಿ, ಜಾರದಂಗೆ ಮೂರನ್ನೂ ಚೈನಿಂದ ಬಿಗೀರಿ.

ಹಿಂದಿನ ದಿನಾನೇ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಡಿ, ಮುಖ್ಯವಾಗಿ ಸೈಲೆನ್ಸರ್ ಪೈಪಿನ ನಟ್ಟು, ಅವೇ ಮುರಿಯೋದು. ಮೊದ್ಲು ಬ್ಯಾಟರಿ ವೈರ್ ತೆಗೀರಿ, ನೀರು ಆಯಿಲ್ ಇಳಿಸಿ, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ, ಬಾನೆಟ್ಟು ರೇಡಿಯೇಟರು ಆಚೆ ಇಡಿ. ಒಂದೊಂದು ವೈರ್ ಬಿಚ್ಚೋ ಮುಂಚೆ ಫೋಟೋ ಹೊಡ್ಕೊಂಡು ಟೇಪ್ ಅಂಟಿಸಿ ನಂಬರ್ ಹಾಕಿ, ತಿಂಗಳಾದ್ಮೇಲೆ ವಾಪಸ್ ಕೂರ್ಸುವಾಗ ಇದೇ ಕಾಪಾಡೋದು.

ಗೇರ್‌ಬಾಕ್ಸ್ ಗಾಡೀಲೇ ಇರ್ಲಿ, ಅದ್ರ ಕೆಳಗೆ ಜಾಕ್ ಕೊಟ್ಟು ಆಮೇಲೆ ಬೋಲ್ಟ್ ಬಿಚ್ಚಿ. ಎಂಜಿನ್ ನೇರವಾಗಿ ಮುಂದಕ್ಕೆ ಬರ್ಬೇಕು, ಗೇರ್‌ಬಾಕ್ಸ್ ಶಾಫ್ಟು ಕ್ಲಚ್ಚಿಂದ ಪೂರ್ತಿ ಈಚೆ ಬರೋ ಮುಂಚೆ ಮೇಲಕ್ಕೆ ಎಳೆದ್ರೆ ಕ್ಲಚ್ ಪ್ಲೇಟ್ ಹಾಳಾಗುತ್ತೆ, ಸಿಕ್ಕಾಕೊಂಡ್ರೆ ಸನ್ನೆ ಹಾಕಿ ಮೀಟಬೇಡಿ, ಎಲ್ಲೋ ಒಂದು ಬೋಲ್ಟ್ ಉಳಿದಿರುತ್ತೆ, ಹುಡುಕಿ. ಒಬ್ಬ ಚೈನ್ ಎಳೀಲಿ, ಇಬ್ರು ಪಕ್ಕದಿಂದ ಹಿಡ್ಕೊಳ್ಳಿ, ಇನ್ನೊಬ್ಬ ಗೇರ್‌ಬಾಕ್ಸ್ ನೋಡ್ಕೊಳ್ಳಿ. ಎತ್ತು, ನಿಲ್ಸು ಅನ್ನೋದು ಮಾತ್ರ ಒಬ್ಬನೇ ಹೇಳ್ಬೇಕು. ಮೇಲೆ ಬಂದ್ಮೇಲೆ ನೇತಾಡ್ತಿರೋ ಎಂಜಿನ್ನ ತಳ್ಳೋಕೆ ಹೋಗ್ಬೇಡಿ, ಗಾಡೀನ ಹಿಂದಕ್ಕೆ ತಳ್ಳಿ.

ಇಳಿಸಿದ್ಮೇಲೆ ನೆಲದ ಮೇಲೆ ಇಡ್ಬೇಡಿ, ಎಂಜಿನ್ ತಳದಲ್ಲಿರೋ ಆಯಿಲ್ ಸಂಪು ಬರೀ ತಗಡು, ನೆಗ್ಗೋಗುತ್ತೆ. ಹಳೇ ಲಾರಿ ಟೈರ್ ಮೇಲೆ ಕೂರ್ಸಿ, ಮೈಸೂರಿಗೂ ಹಂಗೇ ತಗೊಂಡೋಗಿ.