ಲಿಯೋ ಎಸಾಕಿ ಯಾರು? ಅವರಿಗೆ ನೊಬೆಲ್ ಬಂದದ್ದು ಯಾವ ಕೆಲಸಕ್ಕೆ?

ಟನಲ್ ಡಯೋಡ್ ಕಂಡುಹಿಡಿದ ಜಪಾನಿನ ಭೌತವಿಜ್ಞಾನಿ. ಡಯೋಡ್ ಅಂದರೆ ಸಾಮಾನ್ಯವಾಗಿ ಕರೆಂಟನ್ನು ಒಂದೇ ಕಡೆಗೆ ಹರಿಯಬಿಡುವ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗ. ಹುಟ್ಟಿದ್ದು 1925ರಲ್ಲಿ, ಒಸಾಕಾದಲ್ಲಿ. ನಿಜವಾದ ಹೆಸರು ರೆಯೋನಾ. 1947ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಕೋಬೆ ಕೋಗ್ಯೋ ಕಂಪನಿ ಸೇರಿದರು. 1956ರಲ್ಲಿ ಟೋಕಿಯೋ ತ್ಸುಶಿನ್ ಕೋಗ್ಯೋಗೆ ಬಂದರು. ಅದೇ ಮುಂದೆ ಸೋನಿ ಆಯಿತು.

ಮಜಾ ಇರುವುದು ಇಲ್ಲಿಂದ. ಸಾಮಾನ್ಯ ಡಯೋಡಿನಲ್ಲಿ ವೋಲ್ಟೇಜ್ ಏರಿಸಿದರೆ ಕರೆಂಟೂ ಏರಬೇಕು, ಅಲ್ವಾ? 1957ರಲ್ಲಿ ಎಸಾಕಿ ಜರ್ಮೇನಿಯಂ ಎಂಬ ಅರೆವಾಹಕಕ್ಕೆ (ಕರೆಂಟನ್ನು ಅರೆಬರೆಯಾಗಿ ಹರಿಸುವ ವಸ್ತು) ಬೇರೆ ಧಾತುಗಳನ್ನು ವಾಡಿಕೆಗಿಂತ ತುಂಬಾ ಜಾಸ್ತಿ ಬೆರೆಸಿ ನೋಡಿದರು. ಒಂದು ಹಂತದಲ್ಲಿ ವೋಲ್ಟೇಜ್ ಏರಿದಂತೆ ಕರೆಂಟ್ ಇಳಿಯಿತು! ಬೇರೆಯವರಾಗಿದ್ದರೆ ಪೀಸ್ ಕೆಟ್ಟಿದೆ ಎಂದು ಎಸೆದುಬಿಡುತ್ತಿದ್ದರೇನೋ. ಇವರು ಕಾರಣ ಹುಡುಕಿದರು. ಬೆರಕೆ ಜಾಸ್ತಿಯಾದಾಗ ಡಯೋಡಿನೊಳಗಿನ ಎರಡು ಪದರಗಳ ನಡುವಿನ ತಡೆ ತೀರಾ ತೆಳುವಾಗುತ್ತದೆ. ಆಗ ಎಲೆಕ್ಟ್ರಾನ್ ಆ ತಡೆಯನ್ನು ಹತ್ತಿ ಇಳಿಯುವುದಿಲ್ಲ, ಸುರಂಗ ಕೊರೆದಂತೆ ನೇರ ಆಚೆ ಹೋಗುತ್ತದೆ. ವೋಲ್ಟೇಜ್ ಇನ್ನಷ್ಟು ಏರಿದರೆ ಆಚೆ ಬದಿಯಲ್ಲಿ ಅದಕ್ಕೆ ಹೊಂದುವ ಖಾಲಿ ಜಾಗ ಸಿಗುವುದಿಲ್ಲ. ಅದಕ್ಕೇ ಕರೆಂಟ್ ಇಳಿಯುವುದು. ಕ್ವಾಂಟಂ ಸಿದ್ಧಾಂತ ಹೇಳಿದ್ದ ಈ ಟನಲಿಂಗ್, ಕೈಯಲ್ಲಿ ಹಿಡಿಯಬಹುದಾದ ಒಂದು ಬಿಡಿಭಾಗದಲ್ಲಿ ಕಂಡಿತು.

1960ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದರು. ಅಲ್ಲಿ ರಾಫೇಲ್ ತ್ಸು ಜೊತೆ ಸೂಪರ್‌ಲ್ಯಾಟಿಸ್ ಕಲ್ಪನೆ ಕೊಟ್ಟರು: ಎರಡು ಬಗೆಯ ಅರೆವಾಹಕಗಳನ್ನು ತೆಳುಪದರಗಳಾಗಿ ಒಂದರ ಮೇಲೊಂದು ಜೋಡಿಸುವುದು. ನನ್ನ ಲೆಕ್ಕದಲ್ಲಿ ಇದು ಡಯೋಡಿಗಿಂತ ದೊಡ್ಡ ಕೊಡುಗೆ. ಆದರೆ 1973ರ ನೊಬೆಲ್ ಬಂದದ್ದು ಟನಲಿಂಗ್ ಕೆಲಸಕ್ಕೆ. ಭೌತವಿಜ್ಞಾನಿಗಳಾದ ಐವರ್ ಗೇವರ್, ಬ್ರಯನ್ ಜೋಸೆಫ್‌ಸನ್ ಜೊತೆ ಹಂಚಿಕೊಂಡರು. 1992ರಲ್ಲಿ ಜಪಾನಿಗೆ ಮರಳಿ ತ್ಸುಕುಬಾ ವಿಶ್ವವಿದ್ಯಾಲಯದ ಅಧ್ಯಕ್ಷರಾದರು.